ಮೂತಿಯಿಲ್ಲದ ಗಾಡಿ

ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಹೀರೋ ಪುಕ್ ಅನ್ನುವ ಮೊಪೆಡ್ ಓಡಾಡುತ್ತಿತ್ತು. ನಿಮ್ಮಲ್ಲಿ ಕೆಲವರು ಅದನ್ನು ಓಡಿಸಿರಬಹುದು, ಇನ್ನು ಕೆಲವರು ಅದರ ಹಿಂದೆ ಹಾಲಿನ ಕ್ಯಾನಿನ ಜೊತೆ ಕೂತು ಶಾಲೆಗೆ ಹೋಗಿರಬಹುದು. ಆ ಹೆಸರಿನಲ್ಲಿ ಹೀರೋ ನಮ್ಮ ದೇಶದ್ದು. ಪುಕ್ ಯಾರು ಎಂದು ಆಗ ನಾವು ಯಾರೂ ಕೇಳಲಿಲ್ಲ. ಯೋಹಾನ್ ಪುಕ್ ಎಂಬುವನು ಈಗಿನ ಸ್ಲೊವೇನಿಯಾದ ಒಂದು ರೈತ ಮನೆಯಲ್ಲಿ ಹುಟ್ಟಿ, ಬೀಗ ಮಾಡುವ ಕಸುಬು ಕಲಿತು, ಆಸ್ಟ್ರಿಯಾದ ಗ್ರಾಜ್ ನಗರಕ್ಕೆ ಬಂದು, 1899ರಲ್ಲಿ ಅಲ್ಲಿ ತನ್ನ ಹೆಸರಿನ ಸೈಕಲ್ ಕಂಪನಿ ಹಾಕಿದವನು. ಆ ಕಂಪನಿ 1934ರಲ್ಲಿ ಇನ್ನಿಬ್ಬರ ಜೊತೆ ಕೂಡಿಕೊಂಡು ಸ್ಟೆಯರ್-ಡೈಮ್ಲರ್-ಪುಕ್ ಎಂಬ ಉದ್ದ ಹೆಸರು ಪಡೆಯಿತು. ಬಂದೂಕು, ಟ್ರಾಕ್ಟರು, ಲಾರಿ, ಮೊಪೆಡ್ಡು, ಎಲ್ಲ ಮಾಡಿತು. ಆ ಮೊಪೆಡ್ಡಿನ ತಂತ್ರವೇ ನಮ್ಮಲ್ಲಿಗೆ ಬಂದದ್ದು. ಅದೇ ಕಂಪನಿ ಗ್ರಾಜ್‌ನಲ್ಲಿ ಮಾಡಿದ ಇನ್ನೊಂದು ಗಾಡಿಯ ವಿಷಯ ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ. ಅದರ ಹೆಸರು ಪಿಂಟ್ಸ್‌ಗಾವರ್.

ಉದ್ಯೋಗದ ಕಾರಣದಿಂದ ನಾನು ಕೆಲವು ವರ್ಷ ಗ್ರಾಜ್‌ನಲ್ಲಿದ್ದೆ. ನಾವಿದ್ದ ಬೀದಿಯಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರಿದ್ದರು, ಎಪ್ಪತ್ತು ದಾಟಿದವರು. ಸೈನ್ಯ ಹರಾಜು ಹಾಕಿದ ಒಂದು ಪಿಂಟ್ಸ್‌ಗಾವರನ್ನು ಕೊಂಡು ಅದನ್ನು ಸಾಕುತ್ತಿದ್ದರು. ಸಾಕುತ್ತಿದ್ದರು ಎಂದೇ ಹೇಳಬೇಕು, ಅಷ್ಟು ಆರೈಕೆ. ಭಾನುವಾರ ಊರಿನ ಪಕ್ಕದ ಶೋಕ್ಲ್ ಬೆಟ್ಟದ ಕಡೆ ಹೊರಟರೆ ನನ್ನನ್ನೂ ಹತ್ತಿಸಿಕೊಳ್ಳುತ್ತಿದ್ದರು. ಶೋಕ್ಲ್ 1,445 ಮೀಟರ್ ಎತ್ತರದ ಬೆಟ್ಟ. ಗ್ರಾಜ್ ಕಾರ್ಖಾನೆಯವರು ತಮ್ಮ ಗಾಡಿಗಳನ್ನು ಕಲ್ಲುಬಂಡೆಗಳ ಮೇಲೆ ಹತ್ತಿಸಿ ಇಳಿಸಿ ಪರೀಕ್ಷೆ ಮಾಡುತ್ತಿದ್ದದ್ದು ಅಲ್ಲೇ. ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿದರೆ ಮುಗಿಯಿತು. ನಡೆಯಲು ಬಂದ ಸಂಸಾರಗಳು, ಸೈಕಲ್ಲಿನ ಹುಡುಗರು, ಬೇರೆ ದೇಶದ ಪ್ರವಾಸಿಗಳು, ಎಲ್ಲರೂ ಸುತ್ತ ನಿಲ್ಲುತ್ತಿದ್ದರು. ಇದು ಯಾವ ಗಾಡಿ? ರಷ್ಯಾದ್ದಾ? ಎಂಜಿನ್ ಎಲ್ಲಿದೆ? ನೀರು ಎಲ್ಲಿ ಹಾಕ್ತೀರಿ? ಇಷ್ಟು ಎತ್ತರ ಯಾಕೆ?

ನಾನು ಮೊದಮೊದಲು ಉತ್ತರ ಕೊಡಲು ಹೋಗಿ ಯುದ್ಧ, ಸೈನ್ಯ, ಇಸವಿ ಎಂದೆಲ್ಲ ಶುರು ಮಾಡುತ್ತಿದ್ದೆ. ಜನ ತಲೆಯಾಡಿಸಿ ಹೊರಟುಬಿಡುತ್ತಿದ್ದರು. ಆ ಹಿರಿಯರ ಕ್ರಮ ಬೇರೆ. ಅವರು ಒಂದು ಗೋಣಿಚೀಲ ನೆಲಕ್ಕೆ ಹಾಸಿ, ಬಗ್ಗಿ ನೋಡಿ ಅನ್ನುತ್ತಿದ್ದರು, ಅಷ್ಟೆ. ಈ ಗಾಡಿಯ ಚರಿತ್ರೆ ಇರುವುದು ಅದರ ಹೊಟ್ಟೆಯ ಕೆಳಗೆ. ಅದನ್ನು ನೋಡಿದವರಿಗೆ ಮಾತ್ರ ಉಳಿದದ್ದು ಅರ್ಥವಾಗುತ್ತದೆ. ಬಾನುಲಿಯಲ್ಲಿ ಗೋಣಿಚೀಲ ಹಾಸಲು ಬರುವುದಿಲ್ಲ. ಬಾಯಲ್ಲೇ ತೋರಿಸಲು ಪ್ರಯತ್ನಿಸುತ್ತೇನೆ.

ಮೊದಲು ಹೊರಗಿನ ರೂಪ. ಉದ್ದ ಹೆಚ್ಚುಕಡಿಮೆ ನಮ್ಮ ಬೊಲೆರೊದಷ್ಟು, ನಾಲ್ಕು ಮೀಟರ್ ಚಿಲ್ಲರೆ. ಅಗಲ ಒಂದು ಮುಕ್ಕಾಲು ಮೀಟರ್. ಬೆಟ್ಟದ ಕಾಲುದಾರಿಯಲ್ಲಿ ನುಸುಳಬೇಕಾದ್ದರಿಂದ ಅಗಲವನ್ನು ಬೇಕೆಂದೇ ಕಮ್ಮಿ ಇಟ್ಟಿದ್ದಾರೆ. ಸೈನ್ಯದ ಹಸಿರು ಬಣ್ಣ, ಮೇಲೆ ಟಾರ್ಪಾಲು, ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಚಕ್ರ. ಮೂತಿ ಇಲ್ಲ. ಬಾನೆಟ್ ಅನ್ನುವುದೇ ಇಲ್ಲದ ಚಪ್ಪಟೆ ಮುಖ. ಡ್ರೈವರ್ ಕೂರುವುದು ಮುಂದಿನ ಚಕ್ರದ ನೆತ್ತಿಯ ಮೇಲೆ. ಅದರಿಂದ ಹಿಂದೆ ಜಾಗವೋ ಜಾಗ. ನಾಲ್ಕು ಚಕ್ರದ ಗಾಡಿಯಲ್ಲಿ ಹತ್ತು ಜನ, ಆರು ಚಕ್ರದ ಅಣ್ಣನಲ್ಲಿ ಹದಿನಾಲ್ಕು ಜನ ಕೂರಬಹುದು. ನಾಲ್ಕು ಚಕ್ರದ್ದಕ್ಕೆ 710 ಎಂದು, ಆರು ಚಕ್ರದ್ದಕ್ಕೆ 712 ಎಂದು ಅಂಕಿತ.

ಮೂತಿ ಯಾಕಿಲ್ಲ ಎಂಬುದನ್ನು ಕಡಿದಾದ ಏರು ಹತ್ತಿದವರಿಗೆ ವಿವರಿಸಬೇಕಿಲ್ಲ. ಏರಿನ ನೆತ್ತಿ ತಲುಪಿದ ಕ್ಷಣ ಜೀಪಿನ ಬಾನೆಟ್ಟು ಆಕಾಶಕ್ಕೆ ಮುಖ ಮಾಡಿರುತ್ತದೆ. ಆಚೆ ಬದಿ ದಾರಿ ಇದೆಯೋ ಪ್ರಪಾತ ಇದೆಯೋ ಡ್ರೈವರಿಗೆ ಕಾಣುವುದಿಲ್ಲ. ಕ್ಲೀನರ್ ಇಳಿದು ಕೈ ತೋರಿಸಬೇಕು. ಇಲ್ಲಿ ಹಾಗಿಲ್ಲ, ಗಾಜಿನ ಕೆಳಗೇ ನೆಲ. ಎಂಜಿನ್ ಎರಡು ಸೀಟುಗಳ ನಡುವೆ ಒಂದು ಪೆಟ್ಟಿಗೆಯೊಳಗೆ ಕೂತಿದೆ. ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ, 87 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಬೇರೆ ಯಾವುದೋ ಕಾರಿನಿಂದ ಎತ್ತಿಟ್ಟದ್ದಲ್ಲ, ಈ ಗಾಡಿಗೆಂದೇ ಮಾಡಿದ್ದು. ರೇಡಿಯೇಟರ್ ಇಲ್ಲ, ನೀರಿಲ್ಲ, ನಮ್ಮ ಸ್ಕೂಟರುಗಳ ಹಾಗೆ ಗಾಳಿಯಿಂದಲೇ ತಣ್ಣಗಾಗುತ್ತದೆ, ಒಂದು ದೊಡ್ಡ ಫ್ಯಾನಿನ ನೆರವಿನಿಂದ. ಆಲ್ಪ್ಸ್ ಪರ್ವತದ ಚಳಿಗಾಲದಲ್ಲಿ ನೀರಿದ್ದರೆ ಹೆಪ್ಪುಗಟ್ಟಿ ಎಂಜಿನ್ ಒಡೆಯುವ ಭಯ. ನೀರೇ ಇಲ್ಲದಿದ್ದರೆ ಆ ತಲೆನೋವಿಲ್ಲ. ಗುಂಡು ತಾಗಿ ರೇಡಿಯೇಟರ್ ತೂತಾಗುವುದೂ ಇಲ್ಲ. ಗಾಡಿ ಎಷ್ಟೇ ವಾಲಿದರೂ ಆಯಿಲ್ ಸರಬರಾಜು ತಪ್ಪಬಾರದೆಂದು ಒಂದಲ್ಲ, ಎರಡು ಆಯಿಲ್ ಪಂಪು ಇಟ್ಟಿದ್ದಾರೆ. ಇದಕ್ಕೆ ತೆರಬೇಕಾದ ದಂಡ ಸದ್ದು. ಐವತ್ತು ಕಿಲೋಮೀಟರ್ ವೇಗ ದಾಟಿದರೆ ಪಕ್ಕದವರ ಜೊತೆ ಮಾತಾಡಲು ಕಿರಿಚಬೇಕು. ಬೇಸಿಗೆಯಲ್ಲಿ ತೊಡೆಗೆ ಬಿಸಿ ಬೇರೆ.

ಈಗ ಕೆಳಗೆ ಬಗ್ಗೋಣ. ಇದನ್ನು ನನಗಿಂತ ಚೆನ್ನಾಗಿ ನೋಡಿದವರು ನನ್ನ ಚಿಕ್ಕಪ್ಪ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಜೀಪು ಓಡಿಸಿಯೇ ಕೂದಲು ಬೆಳ್ಳಗಾದವರು. ಒಂದು ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಅರಮನೆ, ಚರ್ಚು, ಗಡಿಯಾರದ ಗೋಪುರ ಯಾವುದೂ ಅವರಿಗೆ ಹಿಡಿಸಲಿಲ್ಲ. ಈ ಗಾಡಿ ಕಂಡದ್ದೇ ಪಂಚೆ ಎತ್ತಿ ಕಟ್ಟಿ ಕೆಳಗೆ ನುಗ್ಗಿದರು. ಯಜಮಾನರು ಗೋಣಿಚೀಲ ತರಲು ಹೋಗಿದ್ದವರು ಬರುವಷ್ಟರಲ್ಲಿ ಒಳಗಿಂದ ಕೂಗು.

“ಇದ್ರ ಚಾಸಿ ಎಲ್ಲಿ ಹೋಯ್ತು ಮಾರಾಯ?”

“ಚಾಸಿ ಇಲ್ಲ ಚಿಕ್ಕಪ್ಪ. ಮಧ್ಯೆ ಒಂದು ದಪ್ಪ ಕೊಳವೆ ಇದೆಯಲ್ಲ, ಅದೇ ಚಾಸಿ.”

“ಪ್ರೊಪೆಲ್ಲರ್ ಶಾಫ್ಟು?”

“ಅದೂ ಆ ಕೊಳವೆ ಒಳಗೇ ಇದೆ.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಹಂಗಾದ್ರೆ ಜಾಯಿಂಟಿಗೆ ಹುಲ್ಲು ಸುತ್ಕೊಳ್ಳಲ್ಲ. ಕಲ್ಲು ಹೊಡೀಲ್ಲ. ಕೆಸರು ಹೋಗಲ್ಲ” ಎಂದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ನಾಲ್ಕು ಪುಟ ಬರೆಯುತ್ತಿದ್ದ ಉತ್ತರವನ್ನು ಅವರು ಬೆನ್ನ ಮೇಲೆ ಮಲಗಿಕೊಂಡು ಮೂರು ವಾಕ್ಯದಲ್ಲಿ ಹೇಳಿದ್ದರು.

ಜೀಪು, ಲಾರಿ ಎಲ್ಲ ನಿಂತಿರುವುದು ಏಣಿಯಂಥ ಚೌಕಟ್ಟಿನ ಮೇಲೆ. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅಡ್ಡಕ್ಕೆ ನಾಲ್ಕೈದು ಪಟ್ಟಿ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಹಳ್ಳದಲ್ಲಿ ಸಿಕ್ಕಿದಾಗ ಆ ಏಣಿ ತಿರುಚಿಕೊಳ್ಳುತ್ತದೆ. ತಿರುಚುವ ಬಲಕ್ಕೆ ಎದುರು ನಿಲ್ಲುವುದರಲ್ಲಿ ಮುಚ್ಚಿದ ಕೊಳವೆಗೆ ಸಮನಾದದ್ದಿಲ್ಲ. ಅದೇ ತೂಕದ ಕಬ್ಬಿಣವನ್ನು ತೊಲೆ ಮಾಡಿದಾಗ ಸಿಗದ ಬಿಗಿ ಕೊಳವೆ ಮಾಡಿದಾಗ ಸಿಗುತ್ತದೆ. ಪಿಂಟ್ಸ್‌ಗಾವರಿನಲ್ಲಿ ಗೇರ್‌ಬಾಕ್ಸಿನ ಪೆಟ್ಟಿಗೆ, ಕೊಳವೆ, ಡಿಫರೆನ್ಶಿಯಲ್ಲುಗಳ ಪೆಟ್ಟಿಗೆ, ಎಲ್ಲವನ್ನೂ ಒಂದಕ್ಕೊಂದು ಬೋಲ್ಟು ಮಾಡಿ ಬೆನ್ನೆಲುಬು ಮಾಡಿದ್ದಾರೆ. ಆ ಬೆನ್ನೆಲುಬಿನಿಂದ ಎಡಕ್ಕೊಂದು ಬಲಕ್ಕೊಂದು ಅರ್ಧ ಆಕ್ಸಲ್ ಹೊರಡುತ್ತದೆ. ಪ್ರತಿಯೊಂದು ಅರ್ಧವೂ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತದೆ. ಎಡಚಕ್ರ ಬಂಡೆ ಹತ್ತಿದರೆ ಬಲಚಕ್ರಕ್ಕೆ ಅದರ ಸುದ್ದಿಯೇ ಇಲ್ಲ. ಜೀಪಿನಲ್ಲಾದರೋ ಎರಡು ಚಕ್ರಕ್ಕೂ ಒಂದೇ ದಂಡ. ಒಂದು ಮೇಲೆದ್ದರೆ ಇನ್ನೊಂದೂ ಓರೆಯಾಗುತ್ತದೆ, ನಡುವಿನ ಡಿಫರೆನ್ಶಿಯಲ್ ಗುಂಡು ಯಾವಾಗಲೂ ನೆಲದ ಹತ್ತಿರವೇ ಇದ್ದು ಕಲ್ಲಿಗೆ ಬಡಿಯುತ್ತದೆ.

“ಟೈರು ಒಂದೇ ಬದಿ ಸವೀತದಲ್ಲ ಹಿಂಗಾದ್ರೆ?” ಎಂದು ಚಿಕ್ಕಪ್ಪ ಕೇಳಿದರು. ಆಡುವ ಅರ್ಧ ಆಕ್ಸಲ್ಲಿನ ಜೊತೆ ಚಕ್ರವೂ ವಾಲುತ್ತದೆ, ಭಾರ ಹೆಚ್ಚುಕಮ್ಮಿಯಾದಂತೆ ಟೈರು ನೆಲಕ್ಕೆ ಕೂರುವ ಕೋನ ಬದಲಾಗುತ್ತದೆ. ನಾನು ಅದನ್ನು ಯಜಮಾನರಿಗೆ ಹೇಳಿದೆ. ಅವರು ನಗುತ್ತ ಶೆಡ್ಡಿಗೆ ಕರೆದುಕೊಂಡು ಹೋಗಿ ಒಂದು ಹಳೆಯ ಟೈರು ತೋರಿಸಿದರು. ಅದರ ಒಂದು ಅಂಚು ಬೋಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಮೇಲೆ ನನ್ನ ಅಗತ್ಯವೂ ಅವರಿಗೆ ಬೀಳಲಿಲ್ಲ.

ಇನ್ನೊಂದು ವಿಶೇಷ ಚಕ್ರದ ಬುಡದಲ್ಲಿದೆ. ಸಾಮಾನ್ಯ ಗಾಡಿಯಲ್ಲಿ ಆಕ್ಸಲ್ ನೇರವಾಗಿ ಚಕ್ರದ ನಡುಮಧ್ಯಕ್ಕೆ ಬಂದು ಸೇರುತ್ತದೆ. ಇಲ್ಲಿ ಆಕ್ಸಲ್ ಚಕ್ರದ ನಡುವಿಗಿಂತ ಮೇಲೆ ಬಂದು ಒಂದು ಚಿಕ್ಕ ಗೇರ್ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಮೇಲಿನ ಚಿಕ್ಕ ಗೇರು ಕೆಳಗಿನ ದೊಡ್ಡ ಗೇರನ್ನು ತಿರುಗಿಸುತ್ತದೆ, ಆ ಕೆಳಗಿನದಕ್ಕೆ ಚಕ್ರ. ಹೀಗಾಗಿ ಗಾಡಿ ಮರಗಾಲು ಕಟ್ಟಿಕೊಂಡವರ ಹಾಗೆ ನಿಲ್ಲುತ್ತದೆ. ತೋಟದ ಜೀಪಿನ ಹೊಟ್ಟೆಗೂ ನೆಲಕ್ಕೂ ಎಂಟು ಇಂಚಿನ ಆಸುಪಾಸು ಅಂತರವಿದ್ದರೆ ಇದಕ್ಕೆ 335 ಮಿಲಿಮೀಟರ್, ಅಂದರೆ ಹದಿಮೂರು ಇಂಚು. ಎತ್ತರ ಮಾತ್ರ ಅಲ್ಲ, ಇದರಲ್ಲಿ ಇನ್ನೊಂದು ಜಾಣತನ ಅಡಗಿದೆ. ಕೊನೆಯ ಗೇರು ಚಕ್ರದ ಹತ್ತಿರವೇ ಇರುವುದರಿಂದ ತಿರುಚುವ ಬಲ ಅಲ್ಲಿ ಹೆಚ್ಚುತ್ತದೆ. ಅದರ ಹಿಂದಿನ ಶಾಫ್ಟುಗಳೆಲ್ಲ ಕಡಿಮೆ ಹೊರೆ ಹೊರುತ್ತವೆ, ಆದ್ದರಿಂದ ಅವನ್ನು ತೆಳ್ಳಗೆ, ಹಗುರವಾಗಿ ಮಾಡಬಹುದು.

ಮಳೆಗಾಲದಲ್ಲಿ ಮಲೆನಾಡಿನ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಒಂದು ದೃಶ್ಯ ಗೊತ್ತು. ಒಂದು ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಮಿಸುಕುವುದಿಲ್ಲ. ತಪ್ಪು ಡಿಫರೆನ್ಶಿಯಲ್ಲಿನದು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿ ಎಂದು ಇಟ್ಟ ಸೌಲಭ್ಯ ಅದು, ಕೆಸರಿನಲ್ಲಿ ಸೋಮಾರಿ ಚಕ್ರಕ್ಕೇ ಎಲ್ಲ ಓಟವನ್ನೂ ಕೊಟ್ಟುಬಿಡುತ್ತದೆ. ಪಿಂಟ್ಸ್‌ಗಾವರಿನ ಡ್ರೈವರ್ ಬಳಿ ಮೂರು ಸನ್ನೆಗಳಿವೆ. ಒಂದು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡಲು, ಇನ್ನೆರಡು ಹಿಂದಿನ ಮತ್ತು ಮುಂದಿನ ಡಿಫರೆನ್ಶಿಯಲ್ಲಿಗೆ ಬೀಗ ಹಾಕಲು. ಗಾಡಿ ನಿಲ್ಲಿಸಬೇಕಿಲ್ಲ, ಇಳಿಯಬೇಕಿಲ್ಲ, ಓಡುತ್ತಿರುವಾಗಲೇ ಎಳೆದರೆ ಹೈಡ್ರಾಲಿಕ್ ಒತ್ತಡದಿಂದ ಬೀಗ ಬೀಳುತ್ತದೆ. ಮೂರನ್ನೂ ಎಳೆದ ಮೇಲೆ ಒಂದೇ ಒಂದು ಚಕ್ರಕ್ಕೆ ನೆಲದ ಹಿಡಿತ ಸಿಕ್ಕರೂ ಗಾಡಿ ಮುಂದೆ ಹೋಗಬೇಕು. ನಲವತ್ತೈದು ಡಿಗ್ರಿಯ ಏರು, 70 ಸೆಂಟಿಮೀಟರ್ ಆಳದ ನೀರು ಎಂದು ಕಂಪನಿಯ ಲೆಕ್ಕ. ನಲವತ್ತೈದು ಡಿಗ್ರಿ ಅಂದರೆ ಕೇಳಲು ಸುಲಭ. ಸೀಟಿನಲ್ಲಿ ಕೂತಾಗ ಮುಂದಿನ ಗಾಜಿನಲ್ಲಿ ಬರೀ ಮೋಡ ಕಾಣುತ್ತದೆ.

ಇದೆಲ್ಲ ಯಾರ ತಲೆಯಿಂದ ಬಂತು?

ಪಿಂಟ್ಸ್‌ಗಾವರಿನ ವಿನ್ಯಾಸಕಾರ ಎರಿಕ್ ಲೆಡ್ವಿಂಕಾ. ಆದರೆ ಕೊಳವೆ ಅವನದಲ್ಲ, ಅವನ ಅಪ್ಪನದು. ಅಪ್ಪ ಹಾನ್ಸ್ ಲೆಡ್ವಿಂಕಾ 1878ರಲ್ಲಿ ವಿಯೆನ್ನಾ ಪಕ್ಕದ ಊರಿನಲ್ಲಿ ಹುಟ್ಟಿದವನು. ಚಿಕ್ಕ ವಯಸ್ಸಿಗೇ ಈಗ ಚೆಕ್ ದೇಶದಲ್ಲಿರುವ ಕೊಪ್ರಿವ್ನಿತ್ಸೆ ಎಂಬ ಊರಿನ ಗಾಡಿ ಕಾರ್ಖಾನೆಗೆ ಸೇರಿದ. ಕುದುರೆಗಾಡಿ, ರೈಲು ಬೋಗಿ ಮಾಡುತ್ತಿದ್ದ ಆ ಕಾರ್ಖಾನೆ ಮುಂದೆ ಟಾಟ್ರಾ ಎಂದು ಹೆಸರು ಪಡೆಯಿತು. ನಡುವೆ ಕೆಲವು ವರ್ಷ ಆಸ್ಟ್ರಿಯಾದ ಸ್ಟೆಯರ್‌ಗೆ ಹೋಗಿ ಬಂದೂಕು ಮಾಡುತ್ತಿದ್ದ ಕಂಪನಿಗೆ ಕಾರು ಮಾಡುವುದನ್ನು ಕಲಿಸಿದ. 1921ರಲ್ಲಿ ಟಾಟ್ರಾಗೆ ಮರಳಿದ. 1923ರಲ್ಲಿ ಟಾಟ್ರಾ 11 ಎಂಬ ಪುಟ್ಟ ಕಾರು ಹೊರಬಂತು. ಗಾಳಿಯಿಂದ ತಣ್ಣಗಾಗುವ ಎರಡು ಸಿಲಿಂಡರಿನ ಎಂಜಿನ್, 12 ಅಶ್ವಶಕ್ತಿ, ಬೆನ್ನೆಲುಬಾಗಿ ಒಂದು ಕೊಳವೆ, ಹಿಂದೆ ಆಡುವ ಅರ್ಧ ಆಕ್ಸಲ್ಲುಗಳು. ಮೊದಲ ಮಹಾಯುದ್ಧ ಮುಗಿದು ಹೊಸದಾಗಿ ಹುಟ್ಟಿದ್ದ ಚೆಕೊಸ್ಲೊವಾಕಿಯಾದ ರಸ್ತೆಗಳು ಹಾಳುಬಿದ್ದಿದ್ದವು. ಅಂಥ ರಸ್ತೆಯ ಮೇಲೆ ಬಡಪಾಯಿ ಕಾರೂ ಓಡಬೇಕು ಎಂಬುದೇ ಆ ಕೊಳವೆಯ ಮೂಲ. ಸೈನ್ಯಕ್ಕೂ ಅದಕ್ಕೂ ಆಗ ಸಂಬಂಧವೇ ಇರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹಸಿರು ಬಣ್ಣ ನೋಡಿದ ಕೂಡಲೇ ಎಲ್ಲರೂ ಯುದ್ಧದ ಕೂಸು ಎಂದುಬಿಡುತ್ತಾರೆ.

ಹಾನ್ಸ್ ಲೆಡ್ವಿಂಕಾನ ಬಾಳು ಒಂದು ಕಾದಂಬರಿಗೆ ಸಾಲುತ್ತದೆ. 1934ರ ಟಾಟ್ರಾ 77 ಗಾಳಿಯನ್ನು ಸೀಳುವ ಮೈಕಟ್ಟಿನ ಕಾರುಗಳಲ್ಲಿ ಮೊದಲ ಸಾಲಿನದು. ಫೋಕ್ಸ್‌ವಾಗನ್ನಿನ ಆಮೆಯಂಥ ಕಾರು ಬಂದಾಗ ಇದು ನಮ್ಮ ಆಲೋಚನೆಯ ನಕಲು ಎಂದು ಟಾಟ್ರಾ ತಕರಾರು ತೆಗೆಯಿತು. ಜರ್ಮನ್ ಸೈನ್ಯ ಚೆಕೊಸ್ಲೊವಾಕಿಯಾವನ್ನೇ ನುಂಗಿದ ಮೇಲೆ ತಕರಾರು ಎಲ್ಲಿ ಉಳಿದೀತು? ಯುದ್ಧ ಮುಗಿದು ಎಷ್ಟೋ ವರ್ಷದ ಬಳಿಕ, 1960ರ ದಶಕದಲ್ಲಿ, ಫೋಕ್ಸ್‌ವಾಗನ್ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಲೆಡ್ವಿಂಕಾ ಕಂಡದ್ದು ಬೇರೆಯೇ. ಜರ್ಮನ್ನರಿಗೆ ನೆರವಾದನೆಂದು ಅವನನ್ನು 1945ರಲ್ಲಿ ಜೈಲಿಗೆ ಹಾಕಿದರು, 1951ರಲ್ಲಿ ಬಿಟ್ಟರು. ಮತ್ತೆ ಟಾಟ್ರಾದ ಮೆಟ್ಟಿಲು ಹತ್ತಲಿಲ್ಲ ಅವನು. ಆಸ್ಟ್ರಿಯಾಕ್ಕೆ ಹೋಗಿ, ಅಲ್ಲಿಂದ ಮ್ಯೂನಿಕ್ ಸೇರಿ, 1967ರಲ್ಲಿ ಅಲ್ಲೇ ತೀರಿಕೊಂಡ. ಅವನ ಮೇಲಿನ ಆರೋಪ ನಿಲ್ಲುವುದಿಲ್ಲ ಎಂದು ಚೆಕ್ ನ್ಯಾಯಾಲಯ ಹೇಳಿದ್ದು 1992ರಲ್ಲಿ. ಇಂಥ ನ್ಯಾಯಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಅಪ್ಪನ ಕೊನೆಯ ವರ್ಷಗಳಲ್ಲಿ ಮಗ ಗ್ರಾಜ್‌ನಲ್ಲಿದ್ದ. ಎರಡನೆಯ ಯುದ್ಧದ ನಂತರ ಆಸ್ಟ್ರಿಯಾ ಹತ್ತು ವರ್ಷ ಗೆದ್ದ ನಾಲ್ಕು ರಾಷ್ಟ್ರಗಳ ಕೈಯಲ್ಲಿತ್ತು. 1955ರಲ್ಲಿ ಬಿಡುಗಡೆಯಾದಾಗ ಹೊಸ ಸೈನ್ಯ ಕಟ್ಟಬೇಕಾಯಿತು. ದೇಶದ ಬಹುಭಾಗ ಪರ್ವತ. ಅಮೆರಿಕದ ಜೀಪು ಹತ್ತದ ಕಡೆ ಹೇಸರಗತ್ತೆ, ಕುದುರೆ ಹತ್ತುತ್ತಿದ್ದವು. ಅವುಗಳ ಬದಲಿಗೆ ಒಂದು ಗಾಡಿ ಬೇಕಿತ್ತು. ಎರಿಕ್ ಲೆಡ್ವಿಂಕಾ ಮಾಡಿಕೊಟ್ಟದ್ದು ಹಾಫ್ಲಿಂಗರ್, 1959ರಲ್ಲಿ. ಪುಕ್ ಕಂಪನಿಯ ಪುಟಾಣಿ ಕಾರಿನ ಎರಡು ಸಿಲಿಂಡರಿನ ಎಂಜಿನ್ನನ್ನೇ ಹಿಗ್ಗಿಸಿ 643 ಸಿಸಿ ಮಾಡಿ ಗಾಡಿಯ ಬಾಲದ ಕಡೆ ಇಟ್ಟ. ನಮ್ಮ ಹಳೆಯ ಮಾರುತಿ 800 ಕಾರಿನದಕ್ಕಿಂತ ಚಿಕ್ಕ ಎಂಜಿನ್. ಗಾಡಿಯ ತೂಕ ಆರುನೂರು ಕೆಜಿಯ ಮೇಲೆ ಚೂರು, ಹೊರುವ ಭಾರ ಐನೂರರ ಹತ್ತಿರ. ಅಪ್ಪನ ಕೊಳವೆ, ಆಡುವ ಅರ್ಧ ಆಕ್ಸಲ್ಲು, ಚಕ್ರದ ಬುಡದ ಗೇರು, ಡಿಫರೆನ್ಶಿಯಲ್ ಬೀಗ, ಎಲ್ಲ ಅದರಲ್ಲೇ ಇತ್ತು. ನೋಡಲು ನಾಲ್ಕು ಚಕ್ರದ ಮೇಜು. ಡ್ರೈವರಿನ ಪಾದ ಮುಂದಿನ ಚಕ್ರಕ್ಕಿಂತಲೂ ಮುಂದೆ. ನಾನು ಒಮ್ಮೆ ಅದರಲ್ಲಿ ಇಳುಕಲು ಇಳಿದಿದ್ದೇನೆ, ಯಾರೋ ನಮ್ಮನ್ನು ಕುರ್ಚಿ ಸಮೇತ ಬೆಟ್ಟದಿಂದ ತಳ್ಳಿದಂತಿತ್ತು. 1974ರವರೆಗೆ ತಯಾರಾದ ಈ ಗಾಡಿಗಳ ಸಂಖ್ಯೆ ಹದಿನಾರು ಸಾವಿರ ದಾಟುತ್ತದೆ.

ಹಾಫ್ಲಿಂಗರ್ ಅನ್ನುವುದು ಒಂದು ಕುದುರೆ ತಳಿ. ಈಗ ಇಟಲಿಯಲ್ಲಿರುವ ದಕ್ಷಿಣ ಟೈರೋಲಿನ ಗಿಡ್ಡ, ಕಂದು ಮೈಯ, ಬಿಳಿ ಕೇಸರದ ಬೆಟ್ಟದ ಕುದುರೆ. ಅದಕ್ಕಿಂತ ದೊಡ್ಡ ಗಾಡಿ ಬೇಕೆಂದು ಸೈನ್ಯ ಕೇಳಿದಾಗ, ಸಾಲ್ಜ್‌ಬರ್ಗ್ ಸೀಮೆಯ ಪಿಂಟ್ಸ್‌ಗಾವ್ ಕಣಿವೆಯ ಭಾರಿ ಕುದುರೆಯ ಹೆಸರನ್ನು ಅದಕ್ಕೆ ಇಟ್ಟರು. ಪಿಂಟ್ಸ್‌ಗಾವರ್ ತಯಾರಿಕೆ 1971ರಲ್ಲಿ ಆರಂಭವಾಯಿತು. ಆಸ್ಟ್ರಿಯಾ ಕೊಂಡಿತು, ಸ್ವಿಟ್ಜರ್ಲೆಂಡ್ ಬಹಳವಾಗಿ ಕೊಂಡಿತು. ಸ್ವಿಸ್ ಸೈನ್ಯ ಗಾಡಿಗಳನ್ನು ಹೆಚ್ಚು ಓಡಿಸದೆ ಚೊಕ್ಕವಾಗಿ ಇಟ್ಟುಕೊಂಡು ಕೊನೆಗೆ ಹರಾಜು ಹಾಕಿತು. ಇವತ್ತು ಯುರೋಪು, ಅಮೆರಿಕದಲ್ಲಿ ಹವ್ಯಾಸಿಗಳ ಕೈಯಲ್ಲಿರುವ ಪಿಂಟ್ಸ್‌ಗಾವರುಗಳಲ್ಲಿ ಎಷ್ಟೋ ಆ ದೇಶದ ಕೃಪೆ.

ಅಪ್ಪನ ಕೊಳವೆ ಇನ್ನೊಂದು ದಾರಿಯಲ್ಲೂ ನಡೆಯಿತು. ಕೊಪ್ರಿವ್ನಿತ್ಸೆಯಲ್ಲಿ ಟಾಟ್ರಾದವರು ಅದನ್ನು ದೊಡ್ಡ ಲಾರಿಗಳಿಗೆ ಹಾಕಿದರು. ಕೊಳವೆಯ ತುಂಡುಗಳನ್ನು ಒಂದರ ಹಿಂದೆ ಒಂದು ಬೋಲ್ಟು ಮಾಡುತ್ತ ಹೋದರೆ ಆರು ಚಕ್ರ, ಎಂಟು ಚಕ್ರ, ಹನ್ನೆರಡು ಚಕ್ರ, ಎಷ್ಟು ಬೇಕಾದರೂ ಆಗುತ್ತದೆ. ಆ ಲಾರಿಗಳಲ್ಲಿ ಪ್ರತಿ ಅರ್ಧ ಆಕ್ಸಲ್ಲಿಗೂ ಕ್ರೌನ್ ಎಂಬ ತನ್ನದೇ ದೊಡ್ಡ ಹಲ್ಲುಚಕ್ರವಿದ್ದು ಅದು ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರದ ಸುತ್ತ ಉರುಳುತ್ತದೆ, ಆದ್ದರಿಂದ ನಡುವೆ ಸವೆಯುವ ಜಾಯಿಂಟೇ ಬೇಕಿಲ್ಲ. ಕಾರೆಲ್ ಲೊಪ್ರೈಸ್ ಎಂಬ ಚೆಕ್ ಚಾಲಕ ಇಂಥ ಲಾರಿಯಲ್ಲಿ ಡಕಾರ್ ಮರುಭೂಮಿ ರ‍್ಯಾಲಿಯನ್ನು ಆರು ಬಾರಿ ಗೆದ್ದ.

ಈ ದಾರಿ ನಮ್ಮ ಬೆಂಗಳೂರಿಗೂ ಬರುತ್ತದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಬಿಇಎಂಎಲ್ 1986ರಲ್ಲಿ ಟಾಟ್ರಾ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ಸೈನ್ಯಕ್ಕೆ ಆ ಲಾರಿಗಳನ್ನು ಕೊಡತೊಡಗಿತು. ಎಡಗಡೆ ಸ್ಟೇರಿಂಗಿನ ಆ ಲಾರಿಗಳ ಖರೀದಿಯ ಸುತ್ತ ಮುಂದೆ ಎದ್ದ ಗದ್ದಲ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು, ಅದು ಬೇರೆ ಭಾಷಣಕ್ಕೆ ಇರಲಿ. ಗಣರಾಜ್ಯೋತ್ಸವದ ದಿನ ಟಿವಿಯಲ್ಲಿ ಪಿನಾಕಾ ರಾಕೆಟ್, ಬ್ರಹ್ಮೋಸ್ ಕ್ಷಿಪಣಿ ಹೊತ್ತು ಬರುವ ಲಾರಿಗಳನ್ನು ನೋಡುವಾಗ ಕ್ಷಿಪಣಿ ಬಿಟ್ಟು ಒಮ್ಮೆ ಚಕ್ರ ನೋಡಿ. ಖಾಲಿ ಟಾಟ್ರಾ ಲಾರಿ ರಸ್ತೆಯಲ್ಲಿ ಸಿಕ್ಕರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಚಕ್ರಗಳ ಕೆಳತುದಿ ಒಳಕ್ಕೆ ಸೇರಿ, ಮೇಲ್ತುದಿ ಹೊರಕ್ಕೆ ವಾಲಿರುತ್ತದೆ. ಭಾರ ಹಾಕಿದಾಗ ನೆಟ್ಟಗೆ ನಿಲ್ಲುತ್ತವೆ. ನೋಡಿದವರು ಏನೋ ಮುರಿದಿದೆ ಎಂದುಕೊಳ್ಳುತ್ತಾರೆ. ಮುರಿದಿಲ್ಲ, 1923ರ ಆ ಪುಟ್ಟ ಕಾರಿನ ಅರ್ಧ ಆಕ್ಸಲ್ಲೇ ಅದು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಮೋಸವಾಗುತ್ತದೆ. ಪಿಂಟ್ಸ್‌ಗಾವರ್ ದುಬಾರಿ ಗಾಡಿ. ಚಕ್ರದ ಬುಡದಲ್ಲೆಲ್ಲ ಗೇರಿರುವುದರಿಂದ ಆಯಿಲ್ ಬದಲಿಸುವ ಜಾಗಗಳೇ ಅಷ್ಟಿವೆ. ಟ್ಯಾಂಕು ತುಂಬಿಸಿದರೆ 400 ಕಿಲೋಮೀಟರ್ ಓಡುತ್ತದೆ, ಆದರೆ ಟ್ಯಾಂಕು ದೊಡ್ಡದು, ಲೀಟರಿಗೆ ಸಿಗುವುದು ಐದು ಕಿಲೋಮೀಟರಿನ ಆಸುಪಾಸು. ಇದನ್ನು ಕೇಳಿದ ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದು, “ಐದಾ? ನಮ್ಮ ಜೀಪೇ ಸಾಕು ಮಾರಾಯ” ಎಂದುಬಿಟ್ಟರು. 1980ರ ದಶಕದ ಮಧ್ಯದ ಹೊತ್ತಿಗೆ ಕಂಪನಿಯೂ ಹಾಗೇ ಯೋಚಿಸಿ ಎರಡನೆಯ ಪೀಳಿಗೆಯಲ್ಲಿ ಫೋಕ್ಸ್‌ವಾಗನ್ನಿನ ಆರು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ ಹಾಕಿತು. ಅದಕ್ಕೆ ನೀರು ಬೇಕು, ರೇಡಿಯೇಟರ್ ಬಂತು. ಲೆಡ್ವಿಂಕಾ ಮನೆತನದ ಗಾಡಿಗೆ ಫೋಕ್ಸ್‌ವಾಗನ್ ಎಂಜಿನ್! ಅಪ್ಪ ಬದುಕಿದ್ದರೆ ಏನನ್ನುತ್ತಿದ್ದನೋ.

2000ದಲ್ಲಿ ತಯಾರಿಕೆ ಗ್ರಾಜ್ ಬಿಟ್ಟು ಇಂಗ್ಲೆಂಡಿಗೆ ಹೋಯಿತು. ಬ್ರಿಟಿಷ್ ಸೈನ್ಯ ಆರು ಚಕ್ರದ ಪಿಂಟ್ಸ್‌ಗಾವರಿಗೆ ಉಕ್ಕಿನ ಹೊದಿಕೆ ಹಾಕಿಸಿ ವೆಕ್ಟರ್ ಎಂದು ಹೆಸರಿಟ್ಟು 2007ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡಿಗೆ ಕಳಿಸಿತು. ಅಲ್ಲಿ ಶತ್ರು ಹಳ್ಳಕೊಳ್ಳದಲ್ಲಿ ಕಾದು ಕೂರುತ್ತಿರಲಿಲ್ಲ, ರಸ್ತೆಯಲ್ಲಿ ನೆಲಬಾಂಬು ಹುಗಿದಿಡುತ್ತಿದ್ದ. ಮುಂದಿನ ಚಕ್ರ ಬಾಂಬಿನ ಮೇಲೆ ಹೋದರೆ ಮೇಲೇ ಕೂತಿದ್ದಾನೆ ಡ್ರೈವರ್. ಮೂತಿ ಇರುವ ಗಾಡಿಯಲ್ಲಿ ಸ್ಫೋಟದ ಏಟು ಮೊದಲು ಬಾನೆಟ್ಟಿಗೆ, ಎಂಜಿನ್ನಿಗೆ ಬೀಳುತ್ತದೆ, ಇಲ್ಲಿ ನೇರ ಕಾಲಿಗೆ. ಉಕ್ಕಿನ ಭಾರ ಹೊತ್ತು ಚಕ್ರದ ಬುಡಗಳೂ ಸೋತವು. ಸೈನಿಕರು ಸತ್ತರು. ಕೆಲವೇ ವರ್ಷದಲ್ಲಿ ವೆಕ್ಟರನ್ನು ಅಲ್ಲಿಂದ ಹಿಂತೆಗೆದರು. ಆಲ್ಪ್ಸ್‌ನ ನೆತ್ತಿಯಲ್ಲಿ ಆಚೆ ಬದಿ ಕಾಣಲಿ ಎಂದು ಡ್ರೈವರನ್ನು ಚಕ್ರದ ಮೇಲೆ ಕೂರಿಸಿದವನ ತಪ್ಪಲ್ಲ ಇದು. ಬೆಟ್ಟಕ್ಕೆಂದು ಮಾಡಿದ್ದನ್ನು ಬಾಂಬಿನ ದಾರಿಗೆ ಅಟ್ಟಿದವರು ಬೇರೆ. ನನ್ನ ಈ ಮಾತನ್ನು ಒಪ್ಪದ ಹಳೆಯ ಸೈನಿಕರೂ ಇದ್ದಾರೆ. ಯಾವ ಗಾಡಿ ಎಲ್ಲಿಗೆ ಹೋಗುತ್ತದೆಂದು ಮಾಡುವವರೇ ಮುಂಗಾಣಬೇಕು ಎನ್ನುತ್ತಾರೆ ಅವರು. 2009ರ ಹೊತ್ತಿಗೆ ತಯಾರಿಕೆಯೂ ನಿಂತಿತು.

ಗ್ರಾಜ್ ಕಾರ್ಖಾನೆ ಮಾತ್ರ ನಿಂತಿಲ್ಲ. 1979ರಿಂದ ಅಲ್ಲಿ ಮರ್ಸಿಡಿಸ್‌ನ ಜಿ ವಾಗನ್ ತಯಾರಾಗುತ್ತಿದೆ. ಬೆಂಗಳೂರಿನ ರಸ್ತೆಯಲ್ಲಿ ಕೋಟಿಗಟ್ಟಲೆ ಬೆಲೆಯ ಆ ಚೌಕದ ಕಾರು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅದಕ್ಕೆ ಕೊಳವೆ ಇಲ್ಲ, ಏಣಿಯಂಥದೇ ಚೌಕಟ್ಟು. ಪರೀಕ್ಷೆ ಶೋಕ್ಲ್ ಬೆಟ್ಟದ ಮೇಲೇ. ಆದರೂ ಅದನ್ನು ಕಂಡು ಯಾರೂ ಬಗ್ಗಿ ಕೆಳಗೆ ನೋಡುವುದಿಲ್ಲ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಇನ್ನು ಹಾಫ್ಲಿಂಗರ್. ಆ ಹೆಸರಿನ ಗಾಡಿಯನ್ನು ಹುಡುಕಬೇಕಾದರೆ ವಸ್ತುಸಂಗ್ರಹಾಲಯಕ್ಕೋ ಯಾರದಾದರೂ ಶೆಡ್ಡಿಗೋ ಹೋಗಬೇಕು. ಕುದುರೆಯನ್ನಾದರೋ ಆಸ್ಟ್ರಿಯಾದ ಸೈನ್ಯ ಇನ್ನೂ ಬಿಟ್ಟಿಲ್ಲ. ಟೈರೋಲಿನ ಹೋಖ್‌ಫಿಲ್ಟ್ಸೆನ್ ಎಂಬಲ್ಲಿ ಹೊರೆ ಹೊರುವ ಹಾಫ್ಲಿಂಗರುಗಳ ಒಂದು ಪಡೆ ಇಟ್ಟುಕೊಂಡಿದೆ. ಗಾಡಿ ಹತ್ತದ ಕಡೆ, ಹೆಲಿಕಾಪ್ಟರ್ ಇಳಿಯಲಾಗದ ಹವೆಯಲ್ಲಿ ಸಾಮಾನು ಸಾಗಿಸುವುದು ಅವುಗಳ ಕೆಲಸ. ನಮ್ಮ ಹಿರಿಯ ಮೆಕ್ಯಾನಿಕ್ಕಿಗೆ ಈ ವಿಷಯ ಎತ್ತಿದರೆ ಸ್ವಲ್ಪ ಸಿಟ್ಟು ಬರುತ್ತಿತ್ತು. ಕುದುರೆಗೂ ಹುಲ್ಲಿನ ಖರ್ಚಿದೆ, ನಾಲ್ಕು ಕಾಲಿಗೂ ಲಾಳ ಹೊಡೆಸಬೇಕು, ಅದೂ ಕೈಕೊಡುತ್ತದೆ ಎಂದು ಲೆಕ್ಕ ಹಾಕತೊಡಗುತ್ತಿದ್ದರು.